ಅನುಮತಿ ಯಾವುದಕ್ಕೆ, ಬಳಕೆ ಯಾರಿಗೆ?

ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದಾಗ, ಬೆಳಗಿನ ವಾಯುವಿಹಾರದಲ್ಲಿ ಹಾಸನದ ಕಡೆಯ ನಿವೃತ್ತ ಎಂಜಿನಿಯರೊಬ್ಬರ ಪರಿಚಯವಾಯಿತು. ವಯಸ್ಸು ಹೆಚ್ಚುಕಡಿಮೆ ನನ್ನದೇ. ಒಂದು ದಿನ ಮನೆಗೆ ಕರೆದೊಯ್ದು, ಫ್ರಿಜ್‌ನಿಂದ ಪುಟ್ಟ ಸೀಸೆಯೊಂದನ್ನು ತೆಗೆದು ತೋರಿಸಿದರು. ಅದರ ಮೇಲೆ 'ಸರ್ಮೊರೆಲಿನ್' ಎಂದಿತ್ತು. ರಾತ್ರಿ ಮಲಗುವ ಮುನ್ನ ಹೊಟ್ಟೆಯ ಚರ್ಮದಡಿ ಚುಚ್ಚಿಕೊಂಡರೆ ನಿದ್ರೆ, ಸ್ನಾಯುಬಲ, ಉತ್ಸಾಹ ಎಲ್ಲವೂ ಮರಳುತ್ತವೆ ಎಂದು ಕ್ಲಿನಿಕ್ಕೊಂದು ಭರವಸೆ ನೀಡಿತ್ತು. ವೈದ್ಯರೊಡನೆ ಸಮಾಲೋಚನೆ ನಡೆದದ್ದು ಫೋನಿನಲ್ಲಿ, ಹತ್ತು ನಿಮಿಷ. "ಇದಕ್ಕೆ ಎಫ್‌ಡಿಎ ಅನುಮತಿ ಇದೆಯಂತೆ ಸಾರ್, ಹೆದರಬೇಕಾಗಿಲ್ಲ ಅಲ್ಲವೇ?" ಎಂದು ಕೇಳಿದರು. ಐದು ವರ್ಷಗಳ ಹಿಂದೆ ಅವರು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದರು. ಅದನ್ನು ಕ್ಲಿನಿಕ್ಕಿನವರು ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದವನು. 'ಅನುಮತಿ ಇದೆ' ಎಂದಾಕ್ಷಣ 'ಯಾವುದಕ್ಕೆ, ಯಾರಿಗೆ, ಯಾವ ಷರತ್ತಿನ ಮೇಲೆ' ಎಂದು ಕೇಳುವುದು ಆ ವೃತ್ತಿ ಕಲಿಸಿದ ಅಭ್ಯಾಸ. ಒಂದು ಸರ್ವೆ ನಂಬರಿಗೆ ಕೊಟ್ಟ ಕಲ್ಲುಗಣಿ ಪರವಾನಗಿ ಪಕ್ಕದ ಸರ್ವೆ ನಂಬರಿಗೆ ಸಲ್ಲದು. ಔಷಧದ ಮಾತೂ ಅಷ್ಟೇ.

ಮೊದಲು ಇದರ ಕೆಲಸ ತಿಳಿಯೋಣ. ಮೆದುಳಿನ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ, ಬೆಳವಣಿಗೆಯ ಹಾರ್ಮೋನನ್ನು ಬಿಡುಗಡೆ ಮಾಡುವಂತೆ ಸಂದೇಶ ಕಳುಹಿಸುತ್ತದೆ. ಆ ಸಂದೇಶವಾಹಕವೇ 44 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್. 1982ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ಅದರ ಮೊದಲ 29 ಅಮೈನೋ ಆಮ್ಲಗಳ ತುಣುಕೇ ಸರ್ಮೊರೆಲಿನ್. ಹಾರ್ಮೋನನ್ನೇ ಹೊರಗಿನಿಂದ ಸುರಿಯುವ ಬದಲು ಇದು ಗ್ರಂಥಿಯನ್ನು ಪ್ರಚೋದಿಸುವುದರಿಂದ, ದೇಹದ ಸ್ವಂತ ನಿಯಂತ್ರಣ ಉಳಿದುಕೊಳ್ಳುತ್ತದೆ ಎಂಬುದು ಮಾರುವವರ ವಾದ. ಇದರಲ್ಲಿ ಸತ್ಯಾಂಶವಿದೆ. ಆದರೆ ನಿಯಂತ್ರಣ ಉಳಿದಿದೆ ಎಂದರೆ ಅಪಾಯ ಅಳಿದಿದೆ ಎಂದು ಅರ್ಥವಲ್ಲ.

ಅನುಮತಿಯ ಕಡತವನ್ನು ಬಿಡಿಸಿದರೆ ಕಾಣುವುದೇನು? ಸರ್ಮೊರೆಲಿನ್‌ಗೆ 1997ರಲ್ಲಿ ಚಿಕಿತ್ಸೆಯ ಅನುಮತಿ ದೊರೆತದ್ದು ಬೆಳವಣಿಗೆಯ ಹಾರ್ಮೋನಿನ ಕೊರತೆಯಿಂದ ಕುಂಠಿತರಾದ ಮಕ್ಕಳಿಗಾಗಿ. 2008ರಲ್ಲಿ ತಯಾರಕರೇ ಉತ್ಪಾದನೆ ನಿಲ್ಲಿಸಿದರು. ಸುರಕ್ಷತೆ ಅಥವಾ ಪರಿಣಾಮದ ಕೊರತೆ ಅದಕ್ಕೆ ಕಾರಣವಲ್ಲವೆಂದು ಎಫ್‌ಡಿಎ 2013ರಲ್ಲಿ ತೀರ್ಮಾನಿಸಿತು. ಕ್ಲಿನಿಕ್ಕುಗಳು ಎತ್ತಿ ತೋರಿಸುವುದು ಈ ವಾಕ್ಯವನ್ನೇ. ಕುಂಠಿತ ಮಗುವಿಗೆ ಸಿಕ್ಕ ಅನುಮತಿ ಎಪ್ಪತ್ತರ ಹತ್ತಿರದ ಆರೋಗ್ಯವಂತನಿಗೆ ಹೇಗೆ ಅನ್ವಯಿಸುತ್ತದೆ ಎಂಬುದಕ್ಕೆ ಮಾತ್ರ ಅಲ್ಲಿ ಉತ್ತರವಿಲ್ಲ.

ಇದರ ಸೋದರ ಔಷಧ ಟೆಸಾಮೊರೆಲಿನ್. 2010ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದೂ ಒಂದೇ ಉದ್ದೇಶಕ್ಕೆ: ಎಚ್‌ಐವಿ ಪೀಡಿತರಲ್ಲಿ ಹೊಟ್ಟೆಯೊಳಗೆ ವಿಪರೀತವಾಗಿ ಸೇರುವ ಕೊಬ್ಬನ್ನು ಕಡಿಮೆ ಮಾಡಲು. ಅದರ ಅಧಿಕೃತ ಮಾಹಿತಿಪತ್ರ ನಿಷ್ಠುರವಾಗಿದೆ. ಸಕ್ರಿಯ ಕ್ಯಾನ್ಸರ್ ಇರುವವರು, ಗರ್ಭಿಣಿಯರು, ಪಿಟ್ಯುಟರಿ ಗ್ರಂಥಿಗೆ ಹಾನಿಯಾದವರು ಅದನ್ನು ಬಳಸುವಂತಿಲ್ಲ. ಹಿಂದೆ ಕ್ಯಾನ್ಸರ್ ಇದ್ದವರಲ್ಲಿ, ಚಿಕಿತ್ಸೆ ಮುಗಿದು ರೋಗ ತಣ್ಣಗಾಗಿದೆ ಎಂದು ಖಚಿತವಾದ ಮೇಲಷ್ಟೇ ಲಾಭ-ನಷ್ಟ ತೂಗಿ ನಿರ್ಧರಿಸಬೇಕು. ಔಷಧವು ಐಜಿಎಫ್-1 ಎಂಬ ಬೆಳವಣಿಗೆಯ ಅಂಶವನ್ನು ರಕ್ತದಲ್ಲಿ ಹೆಚ್ಚಿಸುವುದರಿಂದ ಅದರ ಮಟ್ಟವನ್ನು ಅಳೆಯುತ್ತಿರಬೇಕು. ರಕ್ತದ ಸಕ್ಕರೆಯ ಮೇಲೂ ಕಣ್ಣಿಡಬೇಕು. ಪ್ರಯೋಗಗಳಲ್ಲಿ 26 ವಾರಗಳೊಳಗೆ ಮಧುಮೇಹದ ಮಟ್ಟ ಮುಟ್ಟಿದವರು ಔಷಧ ಪಡೆದವರಲ್ಲಿ ಶೇ 4.5, ಪಡೆಯದವರಲ್ಲಿ ಶೇ 1.3. ಸಕ್ಕರೆ ಕಾಯಿಲೆಗೆ ಮೊದಲೇ ಒಲವುಳ್ಳ ದಕ್ಷಿಣ ಏಷ್ಯಾದವರು ಈ ಅಂಕಿಯನ್ನು ಎರಡು ಬಾರಿ ಓದಬೇಕು. ಔಷಧ ನಿಲ್ಲಿಸಿದರೆ ಕರಗಿದ ಕೊಬ್ಬು ಮತ್ತೆ ಸೇರುತ್ತದೆ ಎಂಬುದೂ ದಾಖಲಾಗಿದೆ.

ಮುಪ್ಪನ್ನು ಹಿಂದೂಡುವ ಆಸೆಗೆ ನೀರೆರೆದದ್ದು 1990ರ ಒಂದು ಪುಟ್ಟ ಅಧ್ಯಯನ. ಅರವತ್ತು ದಾಟಿದ 12 ಪುರುಷರಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನನ್ನೇ ನೀಡಿದಾಗ ಸ್ನಾಯು ಹೆಚ್ಚಿ ಕೊಬ್ಬು ಇಳಿಯಿತು. ಒಂದು ಉದ್ಯಮವೇ ಇದರ ಮೇಲೆ ಎದ್ದು ನಿಂತಿತು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿದ 2007ರ ಪರಿಶೀಲನೆಯಲ್ಲಿ ಕಂಡದ್ದು ದೇಹದ ರಚನೆಯಲ್ಲಿ ಅಲ್ಪ ಬದಲಾವಣೆ, ಜೊತೆಗೆ ಹೆಚ್ಚಿನ ಅಡ್ಡ ಪರಿಣಾಮಗಳು. ವಯೋವೃದ್ಧರಿಗೆ ಅದನ್ನು ಶಿಫಾರಸು ಮಾಡಲಾಗದೆಂದು ಸಂಶೋಧಕರು ಸ್ಪಷ್ಟವಾಗಿ ಹೇಳಿದರು. ಆ ಮಾತಿಗೆ ಜಾಹೀರಾತುಗಳಲ್ಲಿ ಸ್ಥಳ ಸಿಗಲಿಲ್ಲ.

ಇನ್ನು ಸೀಸೆ ಬರುವುದೆಲ್ಲಿಂದ? ನಮ್ಮ ಬಾಲ್ಯದಲ್ಲಿ ತಾಲ್ಲೂಕು ಆಸ್ಪತ್ರೆಯ ಕಾಂಪೌಂಡರ್ ಮಿಕ್ಸ್ಚರ್ ಬೆರೆಸಿ ಕೊಡುತ್ತಿದ್ದಂತೆ, ವೈದ್ಯರ ಚೀಟಿಗೆ ತಕ್ಕಂತೆ ಔಷಧ ಸಿದ್ಧಪಡಿಸುವ ಔಷಧಾಲಯಗಳು ಅಮೆರಿಕದಲ್ಲಿವೆ. ಮೂಲ ತಯಾರಕರು ಹಿಂದೆ ಸರಿದ ಮೇಲೆ ಸರ್ಮೊರೆಲಿನ್ ಬರುವುದು ಅಲ್ಲಿಂದ. ಹೀಗೆ ಬೆರೆಸಿದ ಔಷಧದ ಗುಣಮಟ್ಟ, ಸುರಕ್ಷತೆಗಳನ್ನು ಎಫ್‌ಡಿಎ ಮಾರಾಟಕ್ಕೆ ಮುನ್ನ ಪರಿಶೀಲಿಸುವುದಿಲ್ಲ. 2012ರಲ್ಲಿ ಇಂಥದೇ ಒಂದು ಸಂಸ್ಥೆ ತಯಾರಿಸಿದ ಸ್ಟೆರಾಯ್ಡ್ ಚುಚ್ಚುಮದ್ದಿನಲ್ಲಿ ಶಿಲೀಂಧ್ರ ಸೇರಿ 60ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಕಾಯ್ದೆ ಬಿಗಿಯಾಯಿತು, ನಿಜ. ಆದರೂ ತಪಾಸಣೆಗೂ ಅನುಮೋದನೆಗೂ ವ್ಯತ್ಯಾಸವಿದೆ.

ಚಿಕಿತ್ಸೆಯ ಮಾರುಕಟ್ಟೆ ತರಕಾರಿ ಮಾರುಕಟ್ಟೆಯಂತಲ್ಲ; ಇಲ್ಲಿ ಕೊಳ್ಳುವವನಿಗೆ ತಾನು ಕೊಳ್ಳುವುದರ ಗುಣ ತಿಳಿಯದು, ಆದ್ದರಿಂದ ಅವನು ವೈದ್ಯರನ್ನು ನಂಬಬೇಕಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. ಚೀಟಿ ಬರೆಯುವವರೇ ಸೀಸೆ ಮಾರುವವರೂ ಆದಾಗ ಆ ನಂಬಿಕೆಗೆ ಆಧಾರವೇನು? ವೈದ್ಯರ ಚೀಟಿ ರೋಗಿಯ ರಕ್ಷಣೆಗೆಂದು ಹುಟ್ಟಿದ್ದು. ಹತ್ತು ನಿಮಿಷದ ಫೋನ್ ಕರೆಯಲ್ಲಿ ಅದು ಬರೀ ರಸೀದಿಯಾಗಿಬಿಡುತ್ತದೆ.

ಹಾಗೆಂದು ಈ ಔಷಧಗಳೇ ವಿಷವೆನ್ನುವುದು ಸರಿಯಲ್ಲ. ನಿಜವಾದ ಕೊರತೆಯಿರುವವರಿಗೆ, ಹಾರ್ಮೋನ್ ತಜ್ಞರ ನಿಗಾದಲ್ಲಿ ಇವಕ್ಕೆ ಸ್ಥಾನವಿದೆ. ನನ್ನ ಗೆಳೆಯರಿಗೆ ನಾನು ಹೇಳಿದ್ದು ಇಷ್ಟೇ: ನಿಮಗೆ ಕೊರತೆ ಇದೆಯೆಂದು ಪರೀಕ್ಷೆ ಹೇಳಿದೆಯೇ? ಹಳೆಯ ಕಾಯಿಲೆ ಇವರಿಗೆ ಗೊತ್ತಿದೆಯೇ? ರಕ್ತಪರೀಕ್ಷೆ ಮಾಡಿ ಫಲಿತಾಂಶ ನೋಡುವವರು ಯಾರು? ಮೂರಕ್ಕೂ ಅವರು ಸುಮ್ಮನಿದ್ದರು. ಮರುವಾರ ತಮ್ಮ ಕ್ಯಾನ್ಸರ್ ತಜ್ಞರನ್ನು ಕಂಡರು, ಅವರ ಸೂಚನೆಯಂತೆ ಚುಚ್ಚುಮದ್ದು ನಿಲ್ಲಿಸಿದರು.

ಬೆಳಗಿನ ನಡಿಗೆಯನ್ನು ಮಾತ್ರ ಬಿಡಲಿಲ್ಲ. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.