ಬಯಲುಸೀಮೆಯ ಪಂಪೂ ಸೂರ್ಯನ ಬೆಳಕೂ

ಕೋಲಾರದ ವಿದ್ಯಾರ್ಥಿಗಳಿಗೆ ವಿದ್ಯುಚ್ಛಕ್ತಿಯ ಪಾಠವನ್ನು ಹೇಳುವವನು ದೂರದ ನಿದರ್ಶನಗಳನ್ನು ಹುಡುಕಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ 92 ಮೈಲಿ ದೂರದ ನಮ್ಮ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತು ಹರಿದುಬಂದಿತು. ಅಂದಿನ ಪ್ರಪಂಚದ ಅತ್ಯಂತ ಉದ್ದವಾದ ವಿದ್ಯುನ್ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ. ಅದುವರೆಗೆ ಸೌದೆಯನ್ನೂ ಕಲ್ಲಿದ್ದಲನ್ನೂ ಉರಿಸಿ ಉಗಿಯಂತ್ರಗಳನ್ನು ನಡೆಸುತ್ತಿದ್ದ ಗಣಿಗಳು ಹರಿಯುವ ನೀರಿನ ಶಕ್ತಿಯನ್ನು ಆಶ್ರಯಿಸಿದವು. ಇಂಗಾಲವನ್ನು ಸುಡದೆ ಶಕ್ತಿಯನ್ನು ಪಡೆಯುವುದು ಹೊಸ ಗುರಿಯೆಂದು ಇಂದು ಹೇಳುತ್ತೇವೆ. ಅದು ನಮ್ಮ ಜಿಲ್ಲೆಯಲ್ಲಿ ಒಮ್ಮೆ ನಡೆದುಹೋದ ಸಂಗತಿ. ಗಣಿಯ ಒಡೆಯರಿಗೆ ವಾಯುಮಂಡಲದ ಚಿಂತೆಯೇನೂ ಇರಲಿಲ್ಲ, ಖರ್ಚಿನ ಚಿಂತೆಯಿತ್ತು ಎಂಬುದು ಬೇರೆ ಮಾತು.

ಈ ಕಥೆಯ ಉತ್ತರಾರ್ಧವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗುತ್ತಿತ್ತು. ಗಣಿಗಳಿಗಾದರೋ ವರ್ಷವಿಡೀ ಶಕ್ತಿ ಬೇಕು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಗೆ ಮಂಡ್ಯದ ನೀರಾವರಿಯಷ್ಟೇ ಮುಖ್ಯವಾದ ಇನ್ನೊಂದು ಕಾರಣ, ಶಿವನಸಮುದ್ರದ ಯಂತ್ರಗಳಿಗೆ ಎಡೆಬಿಡದೆ ನೀರನ್ನು ಒದಗಿಸುವುದು. ಶಕ್ತಿಯು ಶುದ್ಧವಾಗಿದ್ದ ಮಾತ್ರಕ್ಕೆ ನಂಬತಕ್ಕದ್ದಾಗಲಿಲ್ಲ. ಅದರ ಹಿಂದೆ ಒಂದು ಸಂಗ್ರಹ ಬೇಕಾಯಿತು.

ಇದೇ ಪಾಠವನ್ನು 2023ರಲ್ಲಿ ಮತ್ತೊಮ್ಮೆ ಕಲಿತೆವು. ಆ ವರ್ಷ ಮುಂಗಾರು ಕೈಕೊಟ್ಟಿತು. ಜಲಾಶಯಗಳು ತುಂಬದೆ ಜಲವಿದ್ಯುತ್ತು ಕುಗ್ಗಿತು. ಅದೇ ವೇಳೆಗೆ ಒಣಗುತ್ತಿದ್ದ ಪೈರನ್ನು ಉಳಿಸಿಕೊಳ್ಳಲು ರೈತರ ಪಂಪುಗಳು ಹೆಚ್ಚು ವಿದ್ಯುತ್ತನ್ನು ಬೇಡಿದವು. ಅಕ್ಟೋಬರಿನಲ್ಲಿ ನಾಡೆಲ್ಲ ವಿದ್ಯುತ್ತಿನ ಅಭಾವ. ಹವೆ ಕೆಟ್ಟಾಗ ಬೇಡಿಕೆ ಏರುವುದೂ ಪೂರೈಕೆ ಇಳಿಯುವುದೂ ಒಟ್ಟಿಗೇ ನಡೆಯುತ್ತವೆ. ಹವಾಮಾನದ ಬದಲಾವಣೆಯನ್ನು ತಾಳಿಕೊಳ್ಳುವ ವ್ಯವಸ್ಥೆ ಎಂದರೆ ಈ ಎರಡು ಏಟುಗಳನ್ನು ಒಮ್ಮೆಗೇ ತಾಳಬಲ್ಲದ್ದು ಎಂದರ್ಥ.

ಈಗ ಎಲ್ಲರ ಬಾಯಲ್ಲಿಯೂ ಸೂರ್ಯಶಕ್ತಿಯ ಮಾತು. ನಮ್ಮ ಜಿಲ್ಲೆಗೆ ಅದೂ ಹೊಸದಲ್ಲ. ಯಳೇಸಂದ್ರದಲ್ಲಿ 2010ರ ಸುಮಾರಿಗೇ ಮೂರು ಮೆಗಾವಾಟಿನ ಸ್ಥಾವರವೊಂದು ಕೆಲಸಮಾಡತೊಡಗಿತು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಬಯಲಿನ ಮೇಲೆ ಬೀಳುವ ಬಿಸಿಲಿಗೆ ಕೊರತೆಯಿಲ್ಲ. ಆದಕಾರಣ ರೈತರ ಪಂಪುಗಳನ್ನೆಲ್ಲ ಸೌರಫಲಕಗಳಿಂದ ನಡೆಸಿಬಿಟ್ಟರೆ ಸಮಸ್ಯೆ ತೀರಿತೆಂದು ಅನೇಕರು ಹೇಳುತ್ತಾರೆ. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕಾರಣವನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

ಒಂದು ಸಾವಿರ ಲೀಟರು ನೀರಿನ ದ್ರವ್ಯರಾಶಿ ಒಂದು ಸಾವಿರ ಕಿಲೋಗ್ರಾಂ. ಇದನ್ನು ಸಾವಿರ ಅಡಿಯ, ಎಂದರೆ ಸುಮಾರು 300 ಮೀಟರಿನ ಆಳದಿಂದ ಎತ್ತಬೇಕಾದರೆ ದ್ರವ್ಯರಾಶಿ, ಗುರುತ್ವದ ವೇಗೋತ್ಕರ್ಷ, ಎತ್ತರ ಇವು ಮೂರನ್ನೂ ಗುಣಿಸಬೇಕು. ಬರುವ ಉತ್ತರ 29 ಲಕ್ಷ 40 ಸಾವಿರ ಜೂಲ್. ಮನೆಯ ಮೀಟರಿನ ಭಾಷೆಯಲ್ಲಿ 0.8 ಯೂನಿಟ್ಟು. ಮೋಟಾರು, ಪಂಪು, ಕೊಳವೆಗಳಲ್ಲಿ ಆಗುವ ನಷ್ಟವನ್ನು ಕಳೆದು ನೂರಕ್ಕೆ ನಲವತ್ತು ಪಾಲು ಮಾತ್ರ ಫಲಿಸುವುದೆಂದು ಇಟ್ಟುಕೊಂಡರೆ ಎರಡು ಯೂನಿಟ್ಟು ಬೇಕು. ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಅದಕ್ಕೆ 200 ಯೂನಿಟ್ಟು. ಆ ವಿದ್ಯುತ್ತು ಕಲ್ಲಿದ್ದಲಿನ ಸ್ಥಾವರದಿಂದ ಬಂದದ್ದಾದರೆ ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲಾಮ್ಲ ಆಕಾಶವನ್ನು ಸೇರುತ್ತದೆ.

ಅದೇ ನೀರನ್ನು ಮೂವತ್ತು ಅಡಿಯ ತೆರೆದ ಬಾವಿಯಿಂದ ಎತ್ತಿದ್ದರೆ? ಇನ್ನೂರು ಯೂನಿಟ್ಟಿನ ಬದಲು ಆರು ಯೂನಿಟ್ಟು ಸಾಕಾಗುತ್ತಿತ್ತು. ನಮ್ಮ ಅಜ್ಜಂದಿರು ಕಪಿಲೆ ಹೊಡೆದು ಒಂದು ಜೊತೆ ಎತ್ತುಗಳಿಂದ ಬೇಸಾಯ ಮಾಡಿದ್ದು ಇದರಿಂದಲೇ ಸಾಧ್ಯವಾಯಿತು. ಸಾವಿರ ಅಡಿಯಿಂದ ನೀರೆತ್ತಲು ಯಾವ ಎತ್ತಿಗೂ ಆಗದು.

ವಿದ್ಯುತ್ತಿನ ಮೂಲ ಎಷ್ಟು ಮುಖ್ಯವೋ ನೀರಿನ ಆಳವೂ ಅಷ್ಟೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ. ನಮ್ಮ ಜಿಲ್ಲೆಯ ತಾಲ್ಲೂಕುಗಳಲ್ಲಿ ಮಳೆಯಿಂದ ಭೂಮಿಗೆ ಇಂಗುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತುತ್ತಿದ್ದೇವೆ. ಕೇಂದ್ರ ಅಂತರ್ಜಲ ಮಂಡಳಿಯು ಇವನ್ನು ಮಿತಿಮೀರಿ ಬಳಸಿದ ಪ್ರದೇಶಗಳೆಂದು ಗುರುತಿಸಿದೆ. ಇಂತಹ ಕಡೆ ಖರ್ಚಿಲ್ಲದೆ ನಡೆಯುವ ಸೌರಪಂಪನ್ನು ಕೊಟ್ಟರೆ ಅದು ಬೆಳಗಿನಿಂದ ಸಂಜೆಯವರೆಗೆ ಓಡುವುದು ಸಹಜ. ಹೊಗೆ ನಿಂತೀತು, ನಿಜ; ಬಾವಿ ಇನ್ನೂರು ಅಡಿ ಕೆಳಗಿಳಿದೀತು. ರೈತನನ್ನು ದೂರುವುದು ನನ್ನ ಉದ್ದೇಶವಲ್ಲ. ಸಾಲಮಾಡಿ ಮೂರು ಕೊಳವೆಬಾವಿ ಕೊರೆಸಿ ಮೂರರಲ್ಲಿಯೂ ಧೂಳನ್ನೇ ಕಂಡವನಿಗೆ ಮಿತವ್ಯಯವನ್ನು ಬೋಧಿಸುವುದು ಸಂಬಳದಾರರಾದ ನಮಗೆ ಶೋಭಿಸದು.

ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಡೆ 2014ರಲ್ಲಿ ಆರಂಭವಾದ 'ಸೂರ್ಯರೈತ' ಯೋಜನೆಯ ತತ್ತ್ವ ನನಗೆ ಹಿಡಿಸುತ್ತದೆ. ರೈತನು ಪಂಪಿಗೆ ಬಳಸದೆ ಉಳಿಸಿದ ವಿದ್ಯುತ್ತನ್ನು ಕಂಪನಿಯು ಕೊಂಡುಕೊಳ್ಳುವುದು. ಆಗ ಎತ್ತದೆ ಬಿಟ್ಟ ನೀರಿಗೂ ಒಂದು ಬೆಲೆ ಬರುತ್ತದೆ. ಸೌರಪಂಪುಗಳು ನಮ್ಮಲ್ಲಿಗೆ ಬರುವುದಾದರೆ ಈ ಷರತ್ತಿನೊಡನೆಯೇ ಬರಬೇಕು.

ಅದಕ್ಕಿಂತ ಮೊದಲು ಕೆರೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿಯು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದ ಮಳೆ ಬಂದಾಗ ಹುಚ್ಚೆದ್ದು ಸುರಿಯುವುದೂ ನಡುವೆ ಬಹುಕಾಲ ಬಾರದಿರುವುದೂ ಇನ್ನು ಮುಂದೆ ಹೆಚ್ಚಬಹುದು. 2021ರ ನವೆಂಬರಿನಲ್ಲಿ ನಮ್ಮ ಎಷ್ಟೋ ಕೆರೆಗಳು ವರ್ಷಗಳ ಮೇಲೆ ಕೋಡಿಬಿದ್ದವು. ಎರಡೇ ವರ್ಷಕ್ಕೆ ಬರ. ಹೂಳು ತುಂಬಿದ ಕೆರೆ ಅಂದಿನ ನೀರನ್ನು ಇಂದಿಗೆ ಹೇಗೆ ಉಳಿಸೀತು? ಒಂದು ಎಕರೆ ಕೆರೆಯಂಗಳದಲ್ಲಿ ಒಂದು ಅಡಿ ಹೂಳು ತೆಗೆದರೆ 12 ಲಕ್ಷ ಲೀಟರಿಗೆ ಎಡೆಯಾಗುತ್ತದೆ. ಅಷ್ಟು ನೀರನ್ನು ಸಾವಿರ ಅಡಿಯಿಂದ ಎತ್ತಲು ಬೇಕಾಗುವ ವಿದ್ಯುತ್ತು 2,400 ಯೂನಿಟ್ಟು. ಹೂಳನ್ನು ಹೊಲಕ್ಕೆ ಗೋಡಾಗಿ ಹೊಡೆಯಬಹುದು. ರಾಜಕಾಲುವೆಯ ಒತ್ತುವರಿ ಬಿಡಿಸುವುದು ಮಾತ್ರ ಅಷ್ಟು ಸುಲಭವಲ್ಲ, ಅದು ವಿಜ್ಞಾನದ ಕೈಗೆ ಸಿಕ್ಕದ ವಿಷಯ.

ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧಿಮಾಡಬೇಕೆಂಬ ಒತ್ತಾಯ ನ್ಯಾಯವಾದದ್ದು. ಆ ನೀರನ್ನು ಹತ್ತಿಸುವ ಪಂಪುಗಳೂ ವಿದ್ಯುತ್ತನ್ನು ಬಳಸುತ್ತವೆಂದು ಕೆಲವರು ಆಕ್ಷೇಪಿಸುತ್ತಾರೆ. ಅವಕ್ಕೆ ಹಗಲಿನ ಸೌರಶಕ್ತಿಯನ್ನೇ ಕೊಡಬಹುದು. ಮೋಡ ಮುಚ್ಚಿದ ದಿನ ಪಂಪು ನಿಂತರೂ ಕೆರೆಗೆ ತೊಂದರೆಯಿಲ್ಲ, ಮರುದಿನ ತುಂಬೀತು. ರಾತ್ರಿಯ ದೀಪಕ್ಕೆ ಬ್ಯಾಟರಿ ಬೇಕು, ಕೆರೆಗೆ ಬೇಡ.

ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದಾಗ ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಕೊಳವೆಬಾವಿಯ ಆಳವನ್ನು ಹಾಕಿ ನೋಡುತ್ತೇನೆಂದ. ಮಾವಿನ ತೋಪಿನ ಬಾವಿ, 1,300 ಅಡಿ. ಸಾವಿರ ಲೀಟರಿಗೆ ಎರಡೂಮುಕ್ಕಾಲು ಯೂನಿಟ್ಟು ಬಂತು. ಎಲ್ಲೋ ತಪ್ಪಿರಬೇಕೆಂದು ಆತ ಎರಡು ಸಲ ಗುಣಿಸಿದ, ತಪ್ಪೇನೂ ಇರಲಿಲ್ಲ.