ಹುಲ್ಲು ಕೊಯ್ಯೋ ಕೆಲಸ, ಕೂಲಿ ಕೊಯ್ಯೋ ಟೆಂಡರು

ಪುರಸಭೆ ಪಾರ್ಕಿನ ಹುಲ್ಲು, ತಾಲ್ಲೂಕು ಆಟದ ಮೈದಾನದ ಕಳೆ, ಅಂಬೇಡ್ಕರ್ ಭವನದ ಸುತ್ತ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ. ಇವನ್ನು ಯಾರು ಕೊಯ್ಯಬೇಕು? ಪುರಸಭೆಯ ನೌಕರನೋ, ಟೆಂಡರು ಹಿಡಿದ ಕಂಟ್ರಾಕ್ಟರನ ಆಳೋ? ಇದೂ ಒಂದು ಸಂಪಾದಕೀಯ ಬರೆಯೋ ವಿಷಯವಾ ಅಂತ ನಿಮ್ಮಲ್ಲಿ ಕೆಲವರು ನಗಬಹುದು. ನಗೋಕ್ ಮುಂಚೆ ಒಂದು ಮಾತು ಯೋಚಿಸಿ. ಪುರಸಭೆ ಮಾಡಿಸಲಿ, ಕಂಟ್ರಾಕ್ಟರ್ ಮಾಡಿಸಲಿ, ಬಿಸಿಲಿನಲ್ಲಿ ಬಗ್ಗಿ ಕುಡುಗೋಲು ಹಿಡಿಯೋ ಕೈ ಹೆಚ್ಚಾಗಿ ನಮ್ಮ ಕೇರಿಯದೇ. ಆ ಕೈಗೆ ತಿಂಗಳ ಕೊನೆಯಲ್ಲಿ ಎಷ್ಟು ಬೀಳುತ್ತೆ, ಆ ಹೆಸರು ಯಾವ ರಿಜಿಸ್ಟರಿನಲ್ಲಿ ಇರುತ್ತೆ ಅನ್ನೋದೇ ಇಲ್ಲಿರೋ ಜಗಳ. ಆ ಕೈಯವರ ಮಕ್ಕಳೇ ಹಾಸ್ಟೆಲಿನಲ್ಲಿ ಕೂತು ಈ ಪತ್ರಿಕೆ ಓದುತ್ತಿರುವ ನೀವು.

ಕಂಟ್ರಾಕ್ಟರ್ ಪರವಾಗಿ ಹೇಳೋ ಮಾತನ್ನು ಮೊದಲು ಕೇಳೋಣ. ಎದುರಾಳಿಯ ಮಾತು ಕೇಳದೆ ಘೋಷಣೆ ಕೂಗೋದು ನಮಗೆ ಬೇಡ.

ಒಂದು, ಅಗ್ಗ. ಎರಡು, ಕಂಟ್ರಾಕ್ಟರನ ಹತ್ತಿರ ಒಳ್ಳೇ ಮಿಷನ್ ಇರುತ್ತೆ. ಪುರಸಭೆಯ ಮಿಷನ್ ಕೆಟ್ಟು ಮೂಲೆ ಸೇರಿರುತ್ತೆ. ಮೂರು, ಕಾಯಂ ನೌಕರ ಕೆಲಸ ಮಾಡಲ್ಲ, ಹಾಜರಿ ಹಾಕಿ ಮನೆಗೆ ಹೋಗ್ತಾನೆ.

ಮೂರನೇ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಿ. ಪಾರ್ಕಿಗೆ ಅಂತ ನೇಮಕವಾದ ಆಳನ್ನು ಸಾಹೇಬರ ಬಂಗಲೆಯ ಕೈತೋಟಕ್ಕೆ ಕಳಿಸುವವರು ಯಾರು? ಖಾಲಿಯಾದ ಹುದ್ದೆಯನ್ನು ವರ್ಷಗಟ್ಟಲೆ ತುಂಬದೆ, ಹತ್ತು ಜನರ ಕೆಲಸವನ್ನು ಮೂರು ಜನರ ತಲೆಗೆ ಕಟ್ಟಿ, ಆಮೇಲೆ "ನೋಡ್ರೀ, ಇವರು ಕೆಲಸಾನೇ ಮಾಡಲ್ಲ" ಅನ್ನುವವರು ಯಾರು? ಬೇಲಿಗೆ ನೀರು ಹಾಕದೆ ಒಣಗಿಸಿ, ಒಣಗಿದೆ ಅಂತ ಕಿತ್ತು ಹಾಕುವ ಬುದ್ಧಿ ಇದು. ಮಿಷನ್ ಮಾತೂ ಹಾಗೇ. ಕಳೆ ಕೊಚ್ಚೋ ಮಿಷನ್ ಏನು ವಿಮಾನವಲ್ಲ. ಅಂಗಡಿಯಲ್ಲಿ ಸಿಗುತ್ತೆ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದರೆ ಓಡುತ್ತೆ. ಕಂಟ್ರಾಕ್ಟರ್ ಕೊಳ್ಳಬಹುದಾದ್ದನ್ನು ಪುರಸಭೆ ಯಾಕೆ ಕೊಳ್ಳಬಾರದು?

ಇನ್ನು ಅಗ್ಗದ ಮಾತು. ಇದನ್ನು ನೀವೇ ಲೆಕ್ಕ ಹಾಕಿ, ನಿಮ್ಮಲ್ಲಿ ಬಿ.ಕಾಂ. ಓದೋರಿದ್ದೀರಿ. ಪುರಸಭೆ ತಾನೇ ಹುಲ್ಲು ಕೊಯ್ಸಿದರೆ ಖರ್ಚು ಕೂಲಿ, ಪೆಟ್ರೋಲು, ಮಿಷನ್. ಕಂಟ್ರಾಕ್ಟರ್ ಕೊಯ್ಸಿದರೆ ಅದೇ ಕೂಲಿ, ಅದೇ ಪೆಟ್ರೋಲು, ಅದೇ ಮಿಷನ್, ಅದರ ಮೇಲೆ ಅವನ ಲಾಭ, ಬಿಲ್ಲು ಪಾಸಾಗೋ ತನಕ ಹಾಕಿದ ದುಡ್ಡಿನ ಬಡ್ಡಿ, ಬಿಲ್ಲು ಪಾಸು ಮಾಡಿಸೋಕೆ ಟೇಬಲ್ಲಿಂದ ಟೇಬಲ್ಲಿಗೆ ಕೊಡೋ ಕಾಸು. ಬಾಬ್ತು ಹೆಚ್ಚಾದವು, ಆದರೂ ಮೊತ್ತ ಕಡಿಮೆ! ಇದೇನು ಮಂತ್ರವೇ? ಪೆಟ್ರೋಲ್ ಬಂಕಿನವನು ಕಂಟ್ರಾಕ್ಟರನಿಗೆ ರಿಯಾಯಿತಿ ಕೊಡಲ್ಲ. ಕಡಿಮೆ ಮಾಡೋಕೆ ಉಳಿದಿರೋದು ಒಂದೇ, ಆಳಿನ ಕೂಲಿ. ಮಾಲೀಕ ಕಟ್ಟಬೇಕಾದ ಪಿ.ಎಫ್. ನೂರಕ್ಕೆ 12, ಇ.ಎಸ್.ಐ. ನೂರಕ್ಕೆ 3.25. ಇವನ್ನು ಕಟ್ಟದಿದ್ದರೆ ಅಷ್ಟು ಉಳೀತು. ಇಪ್ಪತ್ತು ಆಳಿನ ಕೆಲಸವನ್ನು ಹನ್ನೆರಡು ಆಳಿನಲ್ಲಿ ಮುಗಿಸಿ, ಇಪ್ಪತ್ತು ಹೆಸರು ಬರೆದರೆ ಇನ್ನಷ್ಟು ಉಳೀತು. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಕೊಡದಿದ್ದರೆ ಮತ್ತಷ್ಟು. ಮಿಷನ್ನಿನ ಬ್ಲೇಡಿಗೆ ಸಿಕ್ಕಿದ ಕಲ್ಲು ಗುಂಡಿನ ಹಾಗೆ ಹಾರುತ್ತೆ. ಹುಲ್ಲಿನೊಳಗೆ ಹಾವಿರುತ್ತೆ. ಕಣ್ಣು ಹೋದವನ, ಹಾವು ಕಚ್ಚಿದವನ ಖರ್ಚು ಟೆಂಡರಿನ ಯಾವ ಕಾಲಮ್ಮಿನಲ್ಲೂ ಇಲ್ಲ. ಅದನ್ನು ಕೇರಿ ಭರಿಸುತ್ತೆ, ಸಾಲ ಮಾಡಿ ಭರಿಸುತ್ತೆ.

ಹೌದು, ಕಾಯಂ ನೌಕರನಿಗೆ ಹೆಚ್ಚು ಖರ್ಚಾಗುತ್ತೆ. ಆ ಹೆಚ್ಚು ಅಂದರೆ ವಾರದ ರಜೆ, ಹೆರಿಗೆ ರಜೆ, ಆಸ್ಪತ್ರೆ, ಮುಪ್ಪಿಗೆ ನಾಲ್ಕು ಕಾಸು. ಇದನ್ನು ದುಂದು ಅನ್ನುವ ಅಧಿಕಾರಿ ತನ್ನ ಸಂಬಳದಿಂದ ಇವನ್ನು ಬಿಟ್ಟುಕೊಟ್ಟು ಆಮೇಲೆ ಮಾತಾಡಲಿ.

ಕೆಲಸದ ಗುಣವನ್ನೂ ತೂಗಿ ನೋಡಿ. ಹುಲ್ಲು ಮಳೆ ನೋಡಿ ಬೆಳೆಯುತ್ತೆ, ಟೆಂಡರು ನೋಡಿ ಬೆಳೆಯಲ್ಲ. ನಮ್ಮ ಸೀಮೆಯಲ್ಲಿ ಮುಂಗಾರು ಹಿಡಿದ ಮೇಲೆ ವಾರಕ್ಕೆ ಗೇಣುದ್ದ ಏರುತ್ತೆ, ಬೇಸಿಗೆಯಲ್ಲಿ ಕೊಯ್ಯೋಕೆ ಏನೂ ಇರಲ್ಲ. ತಿಂಗಳಿಗೆ ಇಷ್ಟು ಸಲ ಅಂತ ಲೆಕ್ಕ ಕಟ್ಟಿ ಬಿಲ್ಲು ಬರೆಯುವವನು ಬೇಸಿಗೆಯಲ್ಲಿ ಬರೀ ನೆಲ ಕೆರೆದೂ ಬಿಲ್ಲು ಮಾಡ್ತಾನೆ, ಮಳೆಗಾಲದಲ್ಲಿ "ಈ ತಿಂಗಳದ್ದು ಆಯ್ತು" ಅಂತಾನೆ. ಕಾಂಗ್ರೆಸ್ ಗಿಡವನ್ನು ಹೂ ಬಿಡೋಕೆ ಮುಂಚೆ ಬೇರು ಸಮೇತ ಕೀಳಬೇಕು. ಹೂ ಬಿಟ್ಟ ಮೇಲೆ ಮಿಷನ್ ಹಾಕಿದರೆ ಬೀಜ ಮೈದಾನದ ತುಂಬ ಬಿತ್ತಿದ ಹಾಗೆ. ಇದು ಆ ನೆಲದಲ್ಲಿ ದಿನಾ ಓಡಾಡೋ ಮಾಲಿಗೆ ಗೊತ್ತು. ಬಿಲ್ಲಿನ ತಾರೀಖಿಗೆ ಟೆಂಪೋದಲ್ಲಿ ಬಂದು ಇಳಿಯುವ ಆಳಿಗೆ ಗೊತ್ತಾಗೋದು ಹೇಗೆ? ಗೊತ್ತಿದ್ದರೂ ಹೇಳೋಕೆ ಅವನಿಗೆ ಬಾಯಿ ಎಲ್ಲಿದೆ?

ಹಾಗಂತ ಎಲ್ಲ ಗುತ್ತಿಗೆಯೂ ಪಾಪ ಅಂತ ನಾವು ಹೇಳಲ್ಲ. ಕೆ.ಆರ್. ಪೇಟೆಯ ಹೇಮಗಿರಿಯಲ್ಲಿ ರಥಸಪ್ತಮಿ ಹೊತ್ತಿಗೆ ದನಗಳ ಜಾತ್ರೆ ಕಟ್ಟುತ್ತೆ. ಅದಕ್ಕೆ ಮುಂಚೆ ಜಾತ್ರೆ ಮಾಳದ ಮುಳ್ಳು ಕಡಿದು, ಮಟ್ಟ ಮಾಡೋದು ವರ್ಷಕ್ಕೊಂದು ಸಲದ ಕೆಲಸ. ಜೆಸಿಬಿ ಬೇಕು, ನಾಲ್ಕು ದಿನಕ್ಕೆ ಜನ ಬೇಕು. ಅದನ್ನು ಗುತ್ತಿಗೆಗೆ ಕೊಡಲಿ, ಕೂಲಿ ಸರಿಯಾಗಿ ಕೊಡಿಸಲಿ, ಸಾಕು. ವರ್ಷವಿಡೀ ಇರೋ ಕೆಲಸ ಬೇರೆ, ಜಾತ್ರೆಗೊಮ್ಮೆ ಬರೋ ಕೆಲಸ ಬೇರೆ. ಈ ಗೆರೆಯನ್ನು ನಾವು ಹೊಸದಾಗಿ ಎಳೆದಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯೇ ಎಳೆದಿತ್ತು. ಗುತ್ತಿಗೆಯನ್ನು ನಿಷೇಧಿಸುವ ಮುಂಚೆ ಸರ್ಕಾರ ನೋಡಬೇಕಾದ ಅಂಶಗಳಲ್ಲಿ "ಈ ಕೆಲಸ ನಿರಂತರವಾದದ್ದೇ?" ಅನ್ನುವುದೂ ಒಂದಾಗಿತ್ತು.

ಆ ಕಾಯಿದೆ ಈಗ ಇಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಒಂದು, ಕೆಲಸದ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆ. ಸಂಸ್ಥೆಯ ಮೂಲ ಕೆಲಸಕ್ಕೆ ಗುತ್ತಿಗೆ ಆಳು ಹಾಕಬಾರದು ಅಂತ ಅದು ಹೇಳುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಯಾವುದು ಮೂಲ ಕೆಲಸ ಅಲ್ಲ ಅಂತ ಅದೇ ಒಂದು ಪಟ್ಟಿ ಕೊಡುತ್ತೆ. ಓದಿ: ಕಸ ಗುಡಿಸೋದು ಮತ್ತು ಸಾಗಿಸೋದು, ಕಾವಲು, ಕ್ಯಾಂಟೀನು ಅಡುಗೆ, ಮೂಟೆ ಹತ್ತಿಸಿ ಇಳಿಸೋದು, ಬಟ್ಟೆ ಒಗೆಯೋದು, ತೋಟಗಾರಿಕೆ ಮತ್ತು ಹುಲ್ಲುಹಾಸಿನ ನಿರ್ವಹಣೆ. ಹುಲ್ಲುಹಾಸು ಅಂತಲೇ ಇದೆ, ಗೆಳೆಯರೆ. ಈ ಪಟ್ಟಿಯನ್ನು ಇನ್ನೊಂದು ಸಲ ಓದಿ, ಇದು ಯಾರ ಕೆಲಸಗಳ ಪಟ್ಟಿ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಮನು ಬರೆದ ಪಟ್ಟಿ ಸಂಸ್ಕೃತದಲ್ಲಿತ್ತು, ಇದು ಗೆಜೆಟ್ಟಿನಲ್ಲಿದೆ. ಜಾತಿಯ ಹೆಸರು ಎಲ್ಲೂ ಇಲ್ಲ, ಬೇಕಾಗೂ ಇಲ್ಲ. ಹಾಸ್ಟೆಲುಗಳಲ್ಲಿ ಹೊರಗುತ್ತಿಗೆ ಮೇಲೆ ನಿಮಗೆ ಮುದ್ದೆ ತಿರುವುವ ಅಕ್ಕ, ಗೇಟು ಕಾಯುವ ಅಣ್ಣ ಇದೇ ಪಟ್ಟಿಯಲ್ಲಿದ್ದಾರೆ.

ಆದರೂ ಈ ಪಟ್ಟಿಗೆ ಒಂದು ಬಾಲ ಇದೆ. ಆ ಸಂಸ್ಥೆ ಆ ಕೆಲಸಕ್ಕಾಗಿಯೇ ಸ್ಥಾಪನೆ ಆಗಿಲ್ಲದಿದ್ದರೆ ಮಾತ್ರ ಈ ವಿನಾಯಿತಿ. ಸಕ್ಕರೆ ಕಾರ್ಖಾನೆಯವನು "ಹುಲ್ಲು ಕೊಯ್ಯೋದು ನನ್ನ ಕಸುಬಲ್ಲ" ಅನ್ನಬಹುದು. ಪುರಸಭೆ ಹಾಗನ್ನೋಕೆ ಆಗುತ್ತಾ? 1992ರ 74ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿ ತೆಗೆದು ನೋಡಿ. ನಗರ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳಲ್ಲಿ 12ನೆಯದೇ ಉದ್ಯಾನ, ತೋಟ, ಆಟದ ಮೈದಾನ. ಪುರಸಭೆ ಇರೋದೇ ಇಂಥ ಕೆಲಸಕ್ಕೆ. ಈ ವಾದವನ್ನು ಕಾನೂನು ಓದುತ್ತಿರುವ ಗೆಳೆಯರು ಕೈಗೆತ್ತಿಕೊಳ್ಳಬೇಕು.

ಇನ್ನೊಂದು ಕಿಂಡಿಯನ್ನೂ ಗಮನಿಸಿ. ಹಳೇ ಕಾಯಿದೆ 20 ಗುತ್ತಿಗೆ ಆಳಿದ್ದರೆ ಅನ್ವಯವಾಗುತ್ತಿತ್ತು, ಹೊಸದರಲ್ಲಿ ಆ ಅಧ್ಯಾಯ ಅನ್ವಯವಾಗೋದು 50 ಇದ್ದರೆ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದಂಥ ಊರಿನ ಪಾರ್ಕು ಕೊಯ್ಯೋಕೆ 50 ಜನ ಯಾವನು ಇಡ್ತಾನೆ? ದೊಡ್ಡ ನಗರದ ಆಳಿಗೆ ಹರಕು ಕೊಡೆ, ಸಣ್ಣ ಊರಿನ ಆಳಿಗೆ ಬರೀ ಆಕಾಶ.

ನಮ್ಮ ಅಜ್ಜಂದಿರು ಊರ ತೋಟಿಗಳಾಗಿ, ತಳವಾರರಾಗಿ, ನೀರಗಂಟಿಗಳಾಗಿ ಚಾಕರಿ ಮಾಡಿದರು. ಹುಟ್ಟಿನಿಂದ ಬಂದ ಆ ಹುದ್ದೆಗಳನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ತೆಗೆದು ಹಾಕಿತು, 1963ರ ಫೆಬ್ರವರಿಯಿಂದ ಜಾರಿಗೂ ಬಂತು. ಅಂದು ಪಟೇಲನ ಜಗಲಿ ಕೆಳಗೆ ಕೈಕಟ್ಟಿ ನಿಂತವನ ಮೊಮ್ಮಗ ಇಂದು ಕಂಟ್ರಾಕ್ಟರನ ಬುಲೆಟ್ ಗಾಡಿ ಮುಂದೆ ಕೈಕಟ್ಟಿ "ಬುದ್ಧೀ, ಈ ತಿಂಗಳಾದ್ರೂ ಬಟವಾಡೆ ಮಾಡ್ಬುಡಿ" ಅಂತ ನಿಂತರೆ, ರದ್ದಾಗಿದ್ದೇನು?

ಕಾಯಂ ಆಗೋದು ಕನಸು ಅಂತ ಯಾರಾದರೂ ಅಂದರೆ ಎರಡು ಸಂಗತಿ ಹೇಳಿ. ಮೊದಲನೆಯದು ನಮ್ಮ ರಾಜ್ಯದ್ದು. ಪೌರಕಾರ್ಮಿಕರು 1976ರ ಐ.ಪಿ.ಡಿ. ಸಾಲಪ್ಪ ವರದಿ ಹಿಡಿದು ದಶಕಗಟ್ಟಲೆ ಬಡಿದಾಡಿದರು. 2017ರಲ್ಲಿ ಸರ್ಕಾರ ಗುತ್ತಿಗೆ ಬಿಟ್ಟು ನೇರ ಪಾವತಿಗೆ ಒಪ್ಪಿತು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದ ಮೇಲೆ ಕಾಯಂ ಮಾಡುವ ಮಾತು ಬಂತು. 2025ರ ಮೇ 1ರಂದು ಬೆಂಗಳೂರಿನ 12,692 ಜನರಿಗೆ ನೇಮಕಾತಿ ಪತ್ರ ಸಿಕ್ಕಿತು. ಯಾರೂ ಕರುಣೆಯಿಂದ ಕೊಟ್ಟದ್ದಲ್ಲ ಅದು.

ಎರಡನೆಯದು ಉತ್ತರ ಪ್ರದೇಶದ ಗಾಜಿಯಾಬಾದಿನದು, ನಮ್ಮ ವಿಷಯದ್ದೇ. ಅಲ್ಲಿನ ನಗರಪಾಲಿಕೆಯ ತೋಟಗಾರಿಕೆ ವಿಭಾಗದಲ್ಲಿ 1998-99ರಿಂದ ದುಡಿಯುತ್ತಿದ್ದ ಮಾಲಿಗಳು ತಮ್ಮನ್ನು ಕಾಯಂ ಮಾಡಿ ಅಂತ ಕೇಳಿದರು. 2005ರ ಜುಲೈನಲ್ಲಿ ನೋಟೀಸೂ ಇಲ್ಲದೆ ಹೊರಗೆ ಹಾಕಿದರು. ಪಾಲಿಕೆ ಕೋರ್ಟಿನಲ್ಲಿ ಏನಂತು? "ಇವರು ನಮ್ಮವರಲ್ಲ, ಕಂಟ್ರಾಕ್ಟರನವರು" ಅಂತು. ಆ ಕಂಟ್ರಾಕ್ಟರನನ್ನು ತೋರಿಸೋಕೆ ನಂಬುವಂಥ ಒಂದು ಕಾಗದ ಸಿಗಲಿಲ್ಲ. 2025ರ ಜನವರಿ 31ರಂದು ಸುಪ್ರೀಂ ಕೋರ್ಟು ಅವರನ್ನು ವಾಪಸ್ ತೆಗೆದುಕೊಳ್ಳಿ, ಅರ್ಧ ಹಿಂಬಾಕಿ ಕೊಡಿ, ಕಾಯಂ ಮಾಡುವ ಪ್ರಕ್ರಿಯೆ ಶುರು ಮಾಡಿ ಅಂತು. ಕರ್ನಾಟಕದ್ದೇ ಆದ 2006ರ ಉಮಾದೇವಿ ತೀರ್ಪನ್ನು ತೋರಿಸಿ ದಶಕಗಟ್ಟಲೆ ದುಡಿದವರನ್ನು ಹೊರದಬ್ಬುವ ಚಾಳಿಯನ್ನು ಕೋರ್ಟು ಒಪ್ಪಲಿಲ್ಲ. ಇಪ್ಪತ್ತು ವರ್ಷ ಹಿಡಿಯಿತು, ಗೆದ್ದರು.

ಹೊರದೇಶದ ಒಂದು ಪಾಠವೂ ಇದೆ. ಇಂಗ್ಲೆಂಡಿನಲ್ಲಿ ಥ್ಯಾಚರ್ ಸರ್ಕಾರ 1988ರಲ್ಲಿ ಕಾಯಿದೆ ತಂದು, ಕಸ ಎತ್ತೋದು, ಶಾಲೆ ಅಡುಗೆ, ಮೈದಾನದ ನಿರ್ವಹಣೆ ಎಲ್ಲವನ್ನೂ ಕಡ್ಡಾಯವಾಗಿ ಟೆಂಡರಿಗೆ ಹಾಕಿಸಿತು. ಅಲ್ಲಿ ಪುರಸಭೆಯ ಸ್ವಂತ ತಂಡಕ್ಕೂ ಬಿಡ್ ಹಾಕುವ ಹಕ್ಕಿತ್ತು, ಎಷ್ಟೋ ಕಡೆ ಅವರೇ ಗೆದ್ದರು. 2000ನೇ ಇಸವಿಯ ಮೊದಲ ವಾರದಲ್ಲಿ ಆ ಕಡ್ಡಾಯವೇ ರದ್ದಾಯಿತು. ನಮ್ಮಲ್ಲಿ ಮಾಲಿಗಳನ್ನು ಕರೆದು "ನಿಮಗೆ ಮಿಷನ್ ಕೊಟ್ಟರೆ ಎಷ್ಟರಲ್ಲಿ ಮಾಡ್ತೀರಿ?" ಅಂತ ಕೇಳುವವರಾದರೂ ಯಾರು?

ಈಗ ನಮ್ಮೊಳಗಿನ ಕಷ್ಟದ ಮಾತು. ಸರ್ಕಾರಿ ಕಾಮಗಾರಿ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 17.15, ಪಂಗಡಕ್ಕೆ 6.95 ಮೀಸಲು ಬಂದಿದೆ. 2017ರಲ್ಲಿ 50 ಲಕ್ಷದವರೆಗಿನ ಕಾಮಗಾರಿಗೆ ಇದ್ದದ್ದು 2023ರಲ್ಲಿ 1 ಕೋಟಿಗೆ ಏರಿತು. 2024ರಲ್ಲಿ ಹೊರಗುತ್ತಿಗೆ ನೇಮಕಕ್ಕೂ ಮೀಸಲಾತಿಯ ಆದೇಶ ಬಂತು. "ನಮ್ಮ ಹುಡುಗನೇ ಕಂಟ್ರಾಕ್ಟರ್ ಆಗಲಿ ಬಿಡ್ರಣ್ಣ, ಯಾವಾಗ್ಲೂ ಗೌಡ್ರ ಹುಡುಗರೇ ಆಗಬೇಕಾ?" ಅಂತ ನಿಮ್ಮಲ್ಲೇ ಕೆಲವರು ಕೇಳ್ತೀರಿ. ಆಗಲಿ, ಸಂತೋಷ. ರಸ್ತೆ ಮಾಡಲಿ, ಕಟ್ಟಡ ಕಟ್ಟಲಿ, ನಾಲ್ಕು ಕಾಸು ಮಾಡಲಿ. ಆದರೆ ಹತ್ತು ಕಾಯಂ ಹುದ್ದೆ ಕಿತ್ತು ಒಬ್ಬ ಕಂಟ್ರಾಕ್ಟರನ್ನು ಮಾಡೋದು ಮೀಸಲಾತಿ ಅಲ್ಲ. ಹತ್ತು ಮನೆ ಒಲೆ ಆರಿಸಿ ಒಂದು ಮನೆಗೆ ದೀಪ ಹಚ್ಚಿದ ಹಾಗೆ. ನಮ್ಮವನೇ ಆದರೂ ಕಡಿಮೆ ಬಿಡ್ ಹಾಕಿ ಗೆದ್ದ ಮೇಲೆ ಅವನೂ ಕೂಲಿಯಲ್ಲೇ ಕತ್ತರಿಸಬೇಕು. ಚಾಟಿ ಹಿಡಿದವನ ಜಾತಿ ಬದಲಾದರೆ ಬೆನ್ನಿನ ಉರಿ ಕಡಿಮೆ ಆಗಲ್ಲ.

ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ 2,600 ಕೋಟಿಗೂ ಮೀರಿದ ಯೋಜನೆಯಾಗಿ ಮೇಲ್ದರ್ಜೆಗೆ ಏರಿಸೋಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿತು. ರೈತರು ವಿರೋಧಿಸಿದರು. ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆ ಎದ್ದಿತು, ಏಳಲೇಬೇಕಿತ್ತು. ಅಲ್ಲಿ ಹುಲ್ಲು ಕೊಯ್ಯುವವರು, ಪಾತಿ ಮಾಡುವವರು ನಾಳೆ ಯಾರ ಆಳುಗಳಾಗ್ತಾರೆ ಅನ್ನೋ ಪ್ರಶ್ನೆಯನ್ನು ನಾವಲ್ಲದೆ ಬೇರೆ ಯಾರು ಕೇಳ್ತಾರೆ?

ಗೆಳೆಯರೆ, ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗೋದು ಸಾಕು. ರಜಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. 10 ರೂಪಾಯಿ ಕಟ್ಟಿ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ನಿಮ್ಮ ಪುರಸಭೆಗೆ ಅರ್ಜಿ ಹಾಕಿ. ಪಾರ್ಕು, ಮೈದಾನದ ನಿರ್ವಹಣೆಯ ಟೆಂಡರ್ ಪ್ರತಿ, ಕೂಲಿಯವರ ಹಾಜರಿ ಪಟ್ಟಿ, ಕೂಲಿ ಬ್ಯಾಂಕಿಗೆ ಹೋದ ದಾಖಲೆ, ಪಿ.ಎಫ್. ಚಲನ್ನು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಪಟ್ಟಿಯಲ್ಲಿರೋ ಹೆಸರನ್ನು ಹಿಡಿದು ಕೇರಿಗೆ ಹೋಗಿ, "ಅಣ್ಣ, ನಿನಗೆ ಎಷ್ಟು ಬಂತು?" ಅಂತ ಕೇಳಿ, ಬರೆದುಕೊಳ್ಳಿ. ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ಮುಂದಿನ ಸಭೆಗೆ ತನ್ನಿ.

ನಮ್ಮ ಬೇಡಿಕೆ ಇಷ್ಟೇ. ವರ್ಷವಿಡೀ ಇರೋ ಕೆಲಸಕ್ಕೆ ಪುರಸಭೆಯ ಹುದ್ದೆ, ಆ ಹುದ್ದೆಗೆ ಮೀಸಲಾತಿ. ಈಗಾಗಲೇ ದುಡಿಯುತ್ತಿರುವವರಿಗೆ ಅದರಲ್ಲಿ ಮೊದಲ ಹಕ್ಕು. ಮಿಷನ್, ಬೂಟು, ಕನ್ನಡಕ ಪುರಸಭೆಯದು. ಮಾಲಿಯನ್ನು ಸಾಹೇಬರ ಮನೆಗೆ ಕಳಿಸಿದರೆ ಶಿಕ್ಷೆ ಕಳಿಸಿದವನಿಗೆ. ಕೆಲಸಕ್ಕೆ ನಿಂತ ನಮ್ಮವರಿಗೂ ಒಂದು ಮಾತು: ಆ ಪಾರ್ಕಿನಲ್ಲಿ ಆಡೋಕೆ ಬರೋ ಮಕ್ಕಳಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಹುಲ್ಲು ಚೆನ್ನಾಗಿ ಕೊಯ್ಯಿರಿ. ಒಳ್ಳೇ ಕೆಲಸವೇ ನಮ್ಮ ವಾದದ ಮೊದಲ ಸಾಕ್ಷಿ.