ಮುಚ್ಚುವ ಮುನ್ನದ ಅಳತೆ

ಸರ್ಕಾರಿ ಕಾಮಗಾರಿಯಲ್ಲಿ ಗುತ್ತಿಗೆದಾರನಿಗೆ ಹಣ ಸಂದಾಯವಾಗುವುದು ಅಳತೆ ಪುಸ್ತಕದ ಆಧಾರದ ಮೇಲೆ. ಎಲ್ಲರ ಬಾಯಲ್ಲೂ ‘ಎಂ.ಬಿ.’ ಆಗಿರುವ ಈ ಪುಸ್ತಕದ ಪುಟಗಳಿಗೆ ಸಂಖ್ಯೆ ಇರುತ್ತದೆ. ಹಾಳೆ ಹರಿಯುವಂತಿಲ್ಲ, ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಿದರೆ ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಉದ್ದ, ಅಗಲ, ದಪ್ಪ ತುಂಬಿದರೆ ಪ್ರಮಾಣ; ಪ್ರಮಾಣಕ್ಕೆ ದರ ಗುಣಿಸಿದರೆ ಬಿಲ್ಲು. ಉದ್ದ, ಅಗಲಗಳನ್ನು ಯಾರು ಬೇಕಾದರೂ, ಎಂದು ಬೇಕಾದರೂ ಟೇಪು ಹಿಡಿದು ನೋಡಬಹುದು. ದಪ್ಪವನ್ನು ಮಾತ್ರ ಒಂದು ಪದರ ಹಾಕಿ ಇನ್ನೊಂದು ಪದರ ಮುಚ್ಚುವ ನಡುವಿನ ಒಂದೆರಡು ದಿನಗಳಲ್ಲೇ ನೋಡಬೇಕು. ಕಾಮಗಾರಿಯ ಮೇಲುಸ್ತುವಾರಿ ಮಾಡುವ ಎಂಜಿನಿಯರ್‌ನ ಕೆಲಸದ ತಿರುಳು ಇರುವುದು ಆ ಒಂದೆರಡು ದಿನಗಳಲ್ಲಿ.

ಆ ಎಂಜಿನಿಯರ್ ಯಾವ ಇಲಾಖೆಯವನು ಎಂಬುದು ರಸ್ತೆಯಿಂದ ರಸ್ತೆಗೆ ಬೇರೆ. ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಇಡಗುಂದಿಯನ್ನೇ ನೋಡಬಹುದು. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಅರಬೈಲ್ ಘಟ್ಟಕ್ಕೆ ಇಳಿಯುವ ಮೊದಲು ಸಿಗುವ ಊರು ಇದು. ಇಲ್ಲಿ ಹೆದ್ದಾರಿ ಒಂದು ಇಲಾಖೆಯದ್ದು, ವಜ್ರಳ್ಳಿ, ಕಳಚೆ ಕಡೆಯ ದೊಡ್ಡ ರಸ್ತೆಗಳು ಲೋಕೋಪಯೋಗಿಯದ್ದೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ, ಕೇರಿಯ ಕಾಂಕ್ರೀಟ್ ರಸ್ತೆ ಮತ್ತೆ ಯಾವುದೋ ಯೋಜನೆಯದ್ದು. ಹೊಂಡ ಬಿದ್ದಾಗ ಊರಿನವರಿಗೆ ಈ ಭೇದ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅವರ ಪಾಲಿಗೆ ಎಲ್ಲರೂ ‘ಎಂಜಿನಿಯರ್ರು’.

3.75 ಮೀಟರ್ ಅಗಲದ ಒಂದು ಕಿಲೋಮೀಟರ್ ಹಳ್ಳಿ ರಸ್ತೆ ಎಂದಿಟ್ಟುಕೊಂಡರೆ, ಕೆಳಗೆ ಹದಗೊಳಿಸಿದ ಮಣ್ಣು, ಅದರ ಮೇಲೆ ಗರಸು ಅಥವಾ ಜಲ್ಲಿಯ ತಳಪದರ, ಮೇಲೆ ನೀರು ಬೆರೆಸಿ ರೋಲರ್ ಹಾಯಿಸಿದ ವೆಟ್ ಮಿಕ್ಸ್, ಕೊನೆಗೆ ಬೆರಳ ದಪ್ಪದ ಡಾಂಬರು. ವೆಟ್ ಮಿಕ್ಸ್ 75 ಮಿಲಿಮೀಟರ್ ಇರಬೇಕಾದಲ್ಲಿ 60 ಇದ್ದರೆ ಬರಿಗಣ್ಣಿಗೆ ತಿಳಿಯದು. ಆದರೆ ಆ 15 ಮಿಲಿಮೀಟರ್ ಇಡೀ ಕಿಲೋಮೀಟರಿಗೆ 56 ಘನ ಮೀಟರ್ ದಾಟುತ್ತದೆ. ಆರು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ಒಂಬತ್ತು ಲೋಡಿಗೂ ಮಿಕ್ಕಿ. ಮೇಲೆ ಡಾಂಬರು ಬಿದ್ದ ಮೇಲೆ ಅದನ್ನು ಕಂಡುಹಿಡಿಯಲು ರಸ್ತೆಯನ್ನೇ ಅಗೆಯಬೇಕು. ಅಗೆಯುವ ಅಧಿಕಾರ ಗುಣಮಟ್ಟ ಪರಿಶೀಲನೆಗೆ ಬರುವವರಿಗೆ ಇದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಂತೂ ಇಲಾಖೆಯವರ ಮೇಲೆ ರಾಜ್ಯಮಟ್ಟದ ಪರಿಶೀಲಕರು, ಅವರ ಮೇಲೆ ರಾಷ್ಟ್ರಮಟ್ಟದವರು ಎಂದು ಮೂರು ಹಂತವೇ ಇದೆ. ಆದರೂ ಅವರು ಅಗೆಯುವುದು ಅಲ್ಲೊಂದು ಇಲ್ಲೊಂದು ಗುಂಡಿ. ಪದರ ಹಾಕುವ ದಿನ ಸ್ಥಳದಲ್ಲಿ ಇರಬೇಕಾದವನು ಸೆಕ್ಷನ್ ನೋಡಿಕೊಳ್ಳುವ ಕಿರಿಯ ಅಥವಾ ಸಹಾಯಕ ಎಂಜಿನಿಯರ್. ಅವನು ಬರೆದ ಅಳತೆಯನ್ನು ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ತಾಳೆ ನೋಡುತ್ತಾರೆ, ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಬಿಲ್ಲು ಪಾಸು ಮಾಡುತ್ತಾರೆ. ಮೇಲಿನ ಸಹಿಗಳೆಲ್ಲ ನಿಂತಿರುವುದು ಕೆಳಗಿನ ಮೊದಲ ಸಹಿಯ ಮೇಲೆ. ಅದೇ ದಿನ ಅವನದೇ ಸೆಕ್ಷನ್ನಿನ ಇನ್ನೊಂದು ಮೂಲೆಯಲ್ಲಿ ಶಾಲಾ ಕೊಠಡಿಯ ಸ್ಲ್ಯಾಬ್ ಹಾಕುತ್ತಿದ್ದರೆ, ನಡುವೆ ಘಟ್ಟದ ದಾರಿ ಇದ್ದರೆ, ಎರಡರಲ್ಲೊಂದು ಅಳತೆ ಗುತ್ತಿಗೆದಾರನ ರೈಟರ್ ಹೇಳಿದ ಲೆಕ್ಕವಾಗಿಯೇ ಪುಸ್ತಕ ಸೇರುತ್ತದೆ. ಇದಕ್ಕೆ ಲಂಚವೇ ಬೇಕೆಂದಿಲ್ಲ, ಸಿಬ್ಬಂದಿಯ ಕೊರತೆ ಸಾಕು.

ಸಾರ್ವಜನಿಕ ಚರ್ಚೆಯೆಲ್ಲ ಟೆಂಡರಿನ ಸುತ್ತ ನಡೆಯುತ್ತದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ತರಲು ಕರ್ನಾಟಕ 1999ರಲ್ಲೇ ಕಾಯ್ದೆ ಮಾಡಿತು. ಟೆಂಡರುಗಳು ಆಮೇಲೆ ಆನ್‌ಲೈನಿಗೆ ಬಂದವು. ಲಕೋಟೆ ಕಸಿದುಕೊಳ್ಳುವ, ಟೆಂಡರ್ ಪೆಟ್ಟಿಗೆಯ ಬಳಿ ಕಾವಲು ನಿಲ್ಲುವ ಕಾಲ ಮುಗಿದದ್ದು ಸಣ್ಣ ಸಾಧನೆಯಲ್ಲ. ಅದೇ ಕಾಯ್ದೆಯ 4(ಜಿ) ವಿನಾಯಿತಿಯ ಮೂಲಕ ಟೆಂಡರೇ ಇಲ್ಲದೆ ಕೆಲಸ ಹಂಚುವ ದಾರಿಯೂ ಉಳಿದುಕೊಂಡಿದೆ, ಅದು ಬೇರೆ ಕಥೆ. ಎಂಜಿನಿಯರ್‌ಗೆ ತಲೆನೋವಾಗುವುದು ‘ಬಿಲೋ’. ಅಂದಾಜಿಗಿಂತ ಶೇ 20 ಕಡಿಮೆಗೆ ಹಾಕಿದವನು ಕೆಲಸ ಗೆದ್ದರೆ ಸರ್ಕಾರಕ್ಕೆ ಉಳಿತಾಯ ಎಂದು ಕಡತದಲ್ಲಿ ಕಾಣುತ್ತದೆ. ದರಪಟ್ಟಿಯಲ್ಲಿ ಗುತ್ತಿಗೆದಾರನ ಲಾಭಕ್ಕೆಂದು ಸೇರಿಸುವ ಪಾಲು ಅಷ್ಟು ದೊಡ್ಡದಲ್ಲ. ಹಾಗಿದ್ದರೆ ಉಳಿದ ಕಡಿತ ಎಲ್ಲಿಂದ ಬರಬೇಕು? ಕಣ್ಣಿಗೆ ಕಾಣುವ ಡಾಂಬರಿನಿಂದ ಅದು ಬರುವುದು ಕಡಿಮೆ.

ಟೆಂಡರಿಗೂ ಮೊದಲಿನದು ಅಂದಾಜುಪಟ್ಟಿ. ಮಲೆನಾಡಿನಲ್ಲಿ ಅರ್ಧ ಕೆಲಸ ಕೆಡುವುದೋ ಉಳಿಯುವುದೋ ತೀರ್ಮಾನವಾಗುವುದು ಇಲ್ಲಿ. ಬಯಲುಸೀಮೆಯ ರಸ್ತೆಗೆ ವೈರಿ ಭಾರದ ಲಾರಿಯಾದರೆ ಇಲ್ಲಿನ ರಸ್ತೆಗೆ ವೈರಿ ನೀರು. ಹೆಚ್ಚು ಮಳೆಯ ಪ್ರದೇಶದ ಡಾಂಬರು ರಸ್ತೆಗೆ ನಡುವಿನಿಂದ ಅಂಚಿಗೆ ಶೇ 2.5ರ ಇಳಿಜಾರು ಬೇಕು; 3.75 ಮೀಟರ್ ರಸ್ತೆಯಲ್ಲಿ ನಡುಭಾಗ ಅಂಚಿಗಿಂತ ಸುಮಾರು 4.7 ಸೆಂಟಿಮೀಟರ್ ಎತ್ತರ. ಅಂಚಿಗೆ ಇಳಿದ ನೀರಿಗೆ ದರೆಯ ಬದಿಯಲ್ಲಿ ಗಟಾರ ಬೇಕು, ಗಟಾರದ ನೀರು ರಸ್ತೆ ದಾಟಲು ಮೋರಿ ಬೇಕು. ಅನುದಾನ ಸಾಲದೆ ಅಂದಾಜು ಕತ್ತರಿಸುವಾಗ ಮೊದಲು ಹೋಗುವುದೇ ಗಟಾರ. ರಸ್ತೆಯ ಉದ್ದ ಕಡಿಮೆ ಮಾಡಿದರೆ ಊರವರು ಕೇಳುತ್ತಾರೆ. ಗಟಾರ ಕಡಿಮೆಯಾದರೆ ಮಳೆಗಾಲದವರೆಗೆ ಯಾರೂ ಕೇಳುವುದಿಲ್ಲ.

ಮೋರಿಯ ಕಂಡಿ ಎಷ್ಟಿರಬೇಕೆಂಬುದಕ್ಕೆ ಸೂತ್ರಗಳಿವೆ. ಅವುಗಳ ಜೊತೆಗೆ ಹಳ್ಳದ ದಂಡೆಯ ಮನೆಯ ಹಿರಿಯರು ‘ಆ ವರ್ಷ ನೀರು ಈ ಮಾವಿನ ಬುಡಕ್ಕೆ ಬಂದಿತ್ತು’ ಎಂದು ತೋರಿಸುವ ಗುರುತನ್ನೂ ಎಂಜಿನಿಯರ್ ಬರೆದುಕೊಳ್ಳಬೇಕು. ಗರಿಷ್ಠ ಪ್ರವಾಹ ಮಟ್ಟವನ್ನು ಸ್ಥಳೀಯರಲ್ಲಿ ವಿಚಾರಿಸುವುದು ವಿಧಾನದ ಭಾಗವೇ. 2021ರ ಜುಲೈ ಮಳೆ ಇಂಥ ಗುರುತುಗಳನ್ನೆಲ್ಲ ಬದಲಿಸಿತು. ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದಲ್ಲಿ ಕುಸಿತವಾಗಿ ಹೆದ್ದಾರಿ ಸಂಚಾರ ನಿಂತಿತು, ಕಳಚೆಯಲ್ಲಿ ಗುಡ್ಡ ತೋಟಗಳ ಸಮೇತ ಜಾರಿತು. ಈ ಭಾಗದಲ್ಲಿ ಹೊಳೆ ನೀರನ್ನಷ್ಟೇ ತರುವುದಿಲ್ಲ. ಬುಡಮೇಲಾದ ಮರ, ಬಿದಿರು ಹಿಂಡಿಲು, ಕಲ್ಲುಗುಂಡುಗಳನ್ನೂ ತರುತ್ತದೆ. ಸಿಮೆಂಟ್ ಪೈಪಿನ ಮೋರಿಗೆ ಒಂದು ದಿಮ್ಮಿ ಅಡ್ಡ ಬಿದ್ದರೆ ಸಾಕು, ರಸ್ತೆಯೇ ಒಡ್ಡಾಗುತ್ತದೆ, ಒಡ್ಡು ಒಡೆಯುತ್ತದೆ. ಸ್ವಲ್ಪ ದುಬಾರಿಯಾದರೂ ಅಗಲ ಕಂಡಿಯ ಸ್ಲ್ಯಾಬ್ ಮೋರಿಯೇ ಇಲ್ಲಿಗೆ ಸರಿ.

  

ಅಂದಾಜು ಸರಿಯಿದ್ದರೂ ಕಾಡು ಎದುರಾಗುತ್ತದೆ. ಜಿಲ್ಲೆಯ ಬಹುಪಾಲು ನೆಲ ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಇಲ್ಲದೆ ಜೆಸಿಬಿ ಇಳಿಸುವಂತಿಲ್ಲ. ಅರಣ್ಯ ಹಕ್ಕು ಕಾಯ್ದೆಯ 3(2)ನೇ ಸೆಕ್ಷನ್ ಶಾಲೆ, ಅಂಗನವಾಡಿ, ರಸ್ತೆ ಸೇರಿ 13 ಬಗೆಯ ಸೌಲಭ್ಯಗಳಿಗೆ ಹತ್ತಿರದ ದಾರಿ ಕೊಟ್ಟಿದೆ: ಗ್ರಾಮಸಭೆಯ ಶಿಫಾರಸು ಬೇಕು, ಜಾಗ ಒಂದು ಹೆಕ್ಟೇರಿನೊಳಗಿರಬೇಕು, ಕಡಿಯುವ ಮರ ಹೆಕ್ಟೇರಿಗೆ 75 ದಾಟಬಾರದು. ಆರು ಮೀಟರ್ ಜಾಗ ಬೇಡುವ ರಸ್ತೆಗೆ ಒಂದು ಹೆಕ್ಟೇರ್ ಒಂದೂ ಮುಕ್ಕಾಲು ಕಿಲೋಮೀಟರಿಗೂ ಸಾಲದು. ಸಿದ್ದಿಗಳ, ಕುಣಬಿಗಳ ಒಂಟಿ ಕೇರಿಗಳಿಗೆ ಹೋಗುವ ಎಷ್ಟೋ ದಾರಿ ಅದಕ್ಕಿಂತ ಉದ್ದ.

ಇಷ್ಟೆಲ್ಲ ದಾಟಿ ಕೆಲಸ ಶುರುವಾಗುವ ಹೊತ್ತಿಗೆ ಇರುವ ದಿನಗಳು ಎಣಿಕೆಗೆ ಸಿಗುವಷ್ಟು. ಜೂನ್‌ನಿಂದ ಮಳೆ, ನೆಲ ಒಣಗಿ ರೋಲರ್ ಹತ್ತುವಂತಾಗಲು ನವೆಂಬರ್ ಬೇಕು. ಮಾರ್ಚ್ 31ಕ್ಕೆ ಅನುದಾನದ ವರ್ಷ ಮುಗಿಯುತ್ತದೆ. ಕಾಂಕ್ರೀಟಿನ ಗಟ್ಟಿತನಕ್ಕೆ ಇರುವ ಪರೀಕ್ಷೆ 15 ಸೆಂಟಿಮೀಟರ್ ಘನದ ಅಚ್ಚುಗಳನ್ನು ಎರಕ ಹಾಕಿದ 28ನೇ ದಿನ ಒಡೆದು ನೋಡುವುದು. ಮಾರ್ಚ್ 10ರಂದು ಹಾಕಿದ ಕಾಂಕ್ರೀಟಿನ ಫಲಿತಾಂಶ ಸಿಗುವುದು ಏಪ್ರಿಲ್ 7ಕ್ಕೆ. ಬಿಲ್ಲು ಹೋಗಬೇಕಾದದ್ದು ಅದಕ್ಕೂ ಒಂದು ವಾರ ಮೊದಲು. ಏಳನೇ ದಿನದ ಅಚ್ಚು ಒಡೆದು, ಅದು ಮೂರನೇ ಎರಡರಷ್ಟು ಬಲ ತೋರಿಸಿದರೆ ಉಳಿದದ್ದನ್ನು ನಂಬಿ ಬಿಲ್ಲು ಬರೆಯುವುದು ರೂಢಿ. ಬೇಸಿಗೆಯಲ್ಲಿ ಗುಡ್ಡದ ಕೇರಿಗೆ ಕುಡಿಯುವ ನೀರೇ ಕಷ್ಟ. ಹೊಸ ಕಾಂಕ್ರೀಟಿಗೆ ಎರಡು ವಾರ ನೀರುಣಿಸುವವರು ಯಾರು? ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ ಫೋಟೊ ಮೊದಲ ದಿನದ್ದು ಕಡತದಲ್ಲಿ ಇರುತ್ತದೆ. ಐದನೇ ದಿನದ್ದನ್ನು ಯಾರೂ ಕೇಳುವುದಿಲ್ಲ. ಈಗ ಫೋಟೊಗಳಿಗೆ ಜಾಗದ ಗುರುತು, ದಿನಾಂಕ ಎಲ್ಲ ತಾನಾಗಿ ಬರುತ್ತವೆ, ಆದರೂ ಪದರದ ದಪ್ಪ ಅದರಲ್ಲಿ ಬರುವುದಿಲ್ಲ.

ಗುತ್ತಿಗೆದಾರನ ಸಂಕಟ ಬೇರೆ. ಕೆಲಸ ಮುಗಿಸಿ ಬಿಲ್ಲು ಬರೆಸಿದರೂ ಹಣ ಬರುವುದು ಯಾವಾಗಲೋ. ರಾಜ್ಯದ ಗುತ್ತಿಗೆದಾರರ ಸಂಘ ಬಾಕಿ ಬಿಲ್ಲಿನ ಕೂಗು ಎತ್ತುತ್ತಲೇ ಬಂದಿದೆ. ಸಾಲದ ಬಡ್ಡಿ ಕಟ್ಟುತ್ತಿರುವವನಿಗೆ ‘ಈ ಪದರ ಕಿತ್ತು ಮತ್ತೆ ಹಾಕು’ ಎಂದು ಹೇಳಬೇಕಾದ ಎಂಜಿನಿಯರ್ ಹಿಂದುಮುಂದು ನೋಡುವುದಕ್ಕೆ ಇದೂ ಒಂದು ಕಾರಣ. ಕಂತುಗಳು ವೇಳೆಗೆ ಸರಿಯಾಗಿ ಬಂದರೆ ಆ ಮಾತಿಗೆ ಬಲ ಬರುತ್ತದೆ.

ಕೆಲಸ ಮುಗಿದ ಮೇಲೂ ಒಪ್ಪಂದ ಮುಗಿಯುವುದಿಲ್ಲ. ಒಪ್ಪಂದದಲ್ಲಿ ನಮೂದಿಸಿದ ದೋಷ ಹೊಣೆಯ ಅವಧಿಯುದ್ದಕ್ಕೂ ಠೇವಣಿಯ ಒಂದು ಭಾಗ ಇಲಾಖೆಯಲ್ಲೇ ಉಳಿಯುತ್ತದೆ. ಗ್ರಾಮ ಸಡಕ್ ರಸ್ತೆಗಳಲ್ಲಿ ಐದು ವರ್ಷದ ನಿರ್ವಹಣೆ ಗುತ್ತಿಗೆದಾರನದ್ದೇ. ಈ ಅವಧಿಯಲ್ಲಿ ರಸ್ತೆ ನೋಡಲು ಒಳ್ಳೆಯ ದಿನ ಮಿರಗದ ಮೊದಲ ಜಡಿಮಳೆಯ ಮಾರನೆಯ ಬೆಳಿಗ್ಗೆ. ನೀರು ಎಲ್ಲಿ ನಿಂತಿದೆ, ಗಟಾರ ಎಲ್ಲಿ ರಸ್ತೆಗೆ ಹಾರಿದೆ, ಯಾವ ಮೋರಿಯ ಬಾಯಲ್ಲಿ ದರಕು ಸಿಕ್ಕಿಕೊಂಡಿದೆ ಎಂದು ಕೊಡೆ ಹಿಡಿದು ನಡೆದವನಿಗೆ ಗೊತ್ತಾಗುತ್ತದೆ. ಅದನ್ನು ಬರೆದು ನೋಟಿಸು ಕೊಟ್ಟರೆ, ನವೆಂಬರಿನಲ್ಲಿ ಗುತ್ತಿಗೆದಾರ ಬಂದು ಸರಿಪಡಿಸಬೇಕು. ಅವಧಿ ತೀರಿದಾಗ ಎಂಜಿನಿಯರ್ ಇನ್ನೊಮ್ಮೆ ರಸ್ತೆ ನೋಡಿ ಪ್ರಮಾಣಪತ್ರ ಕೊಡುತ್ತಾನೆ, ಠೇವಣಿ ಮರಳುತ್ತದೆ. ಅಷ್ಟು ಹೊತ್ತಿಗೆ ಮೊದಲ ಅಳತೆ ಬರೆದವನಿಗೆ ವರ್ಗವಾಗಿರುವುದೇ ಹೆಚ್ಚು. ಸಹಿ ಹಾಕುವವನು ಆ ರಸ್ತೆಯ ಕೆಳಪದರವನ್ನು ಕಂಡಿರುವುದು ಎಂ.ಬಿ.ಯ ಪುಟದಲ್ಲಿ ಮಾತ್ರ.